ಮಧ್ಯೆ ಬಾಯಿ ಹಾಕುವ ಅಜ್ಜಿ

"ಅಜ್ಜಿ, ನೀವು ಸ್ವಲ್ಪ ಹೊರಗಿರಿ" ಎಂದು ಟೀಚರಮ್ಮ ಬಾಗಿಲು ತೋರಿಸಿದಾಗಲೇ ಅಜ್ಜಿಯ ಪಿತ್ತ ನೆತ್ತಿಗೇರಿತು. ಏಳು ವರ್ಷದಿಂದ ಈ ಮಗುವನ್ನು ಎತ್ತಿಕೊಂಡು ಇದೇ ಆಸ್ಪತ್ರೆಯ ಮೆಟ್ಟಿಲು ಸವೆಸಿದವಳು ತಾನು. ತುಟಿ ಸೀಳಿಕೊಂಡು, ಅಂಗುಳ ತೆರೆದುಕೊಂಡು ಹುಟ್ಟಿದ ಕೂಸಿಗೆ ಕುಡಿಸಿದ ಹಾಲೆಲ್ಲ ಮೂಗಿನಿಂದ ಬರುತ್ತಿತ್ತು. ಹೆತ್ತವಳೇ ಹೆದರಿ ಚಮಚ ಕೆಳಗಿಟ್ಟಾಗ, ಅದನ್ನು ನೆಟ್ಟಗೆ ಕೂರಿಸಿಕೊಂಡು ಹನಿ ಹನಿಯಾಗಿ ಹೊಟ್ಟೆಗೆ ಸೇರಿಸಿದವಳು ತಾನು. ತುಟಿ ಹೊಲಿದಾಗಲೂ ಆಪರೇಷನ್ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತಿದ್ದವಳು, ಆಮೇಲೆ ಅಂಗುಳ ಮುಚ್ಚಿದಾಗಲೂ ಕೂತಿದ್ದವಳು ತಾನು. ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಈ ಮಾತು ಕಲಿಸುವ ಹುಡುಗಿ ಈಗ ಹೊರಗಿರಿ ಎನ್ನುತ್ತಾಳೆ.

"ನಾನು ಹೊರಗೆ ಹೋದ್ರೆ ಅವಳು ಅಂದಿದ್ದು ನಿಮಗೆ ಯಾರು ಹೇಳ್ತಾರೆ?"

"ಯಾರೂ ಹೇಳಬಾರದು ಅಂತಾನೇ ನಿಮ್ಮನ್ನ ಹೊರಗೆ ಕಳಿಸ್ತಿರೋದು" ಎಂದಳು ಟೀಚರಮ್ಮ, ನಗುನಗುತ್ತಲೇ. ಆ ನಗು ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು.

ಬಾಗಿಲಿನಲ್ಲಿ ಅಂಗೈ ಅಗಲದ ಗಾಜಿತ್ತು. ಅಜ್ಜಿ ಬಾಗಿಲನ್ನು ಪೂರ್ತಿ ಮುಚ್ಚಗೊಡದೆ, ಗಾಜಿಗೆ ಮುಖ ಒತ್ತಿ ನಿಂತಳು. ಒಳಗೆ ಪಿಟೀಲು ಕುರ್ಚಿಯ ಮೇಲೆ ಕಾಲಾಡಿಸುತ್ತ ಕೂತಿದ್ದಳು. ಮನೆಯಲ್ಲಿ ಹುಡುಗಿಗೆ ಅದೇ ಹೆಸರು, ಎದ್ದಾಗಿನಿಂದ ಮಲಗುವ ತನಕ ಬಿಡುವಿಲ್ಲದೆ ಕುಯ್ಯುತ್ತಿರುತ್ತಾಳೆ ಎಂದು. ಟೀಚರಮ್ಮ ಕಾರಿಡಾರಿನಲ್ಲಿದ್ದ ವಾಚ್‌ಮನ್‌ನನ್ನು ಕರೆದು ಅವಳೆದುರು ಕೂರಿಸಿದಳು. "ಈ ಮಾಮಂಗೆ ನಿಮ್ಮ ಅಂಗಡಿ ವಿಷಯ ಹೇಳು ಪುಟ್ಟಿ" ಎಂದಳು.

ಹೇಳು ಎನ್ನುವುದನ್ನೇ ಕಾಯುತ್ತಿದ್ದಳೋ ಎಂಬಂತೆ ಪಿಟೀಲು ಶುರುಮಾಡಿದಳು.

"ನಮ್ಮಜ್ಜಿದು ಗುಂಡಿ ಅಂಗಡಿ. ಸೂಜಿ, ದಾರ, ಜಿಪ್ಪು, ಎಲ್ಲಾ ಇದೆ. ನಿನ್ನೆ ಬೆಕ್ಕು ಕಪಾಟು ಹತ್ತಿ ಡಬ್ಬಿ ಬೀಳಿಸ್ತು. ಕಪ್ಪು ಗುಂಡಿ, ಬಿಳಿ ಗುಂಡಿ ಎಲ್ಲಾ ಬೆರೆತುಹೋಯ್ತು. ಅಜ್ಜಿ ಬೆಕ್ಕಿಗೆ ಏನು ಬೈದ್ರು ಹೇಳ್ಲಾ?"

ಇದು ಅಜ್ಜಿಗೆ ಕೇಳಿಸಿದ್ದು. ವಾಚ್‌ಮನ್‌ಗೆ ಏನು ಕೇಳಿಸಿತೋ ಅವನೇ ಬಲ್ಲ. ಅವನು ತಲೆ ತೂಗಿದ, ಹಲ್ಲು ಕಿರಿದ, "ಹೌದಾ ಮರಿ? ಊಟ ಆಯ್ತಾ?" ಎಂದ.

ಮಗು ಇಷ್ಟು ಚೆಂದವಾಗಿ ಕತೆ ಹೇಳುತ್ತಿದ್ದರೆ ಊಟ ಆಯ್ತಾ ಎನ್ನುತ್ತಾನಲ್ಲ, ಇಂಥ ಮರದ ಕೊರಡನ್ನು ಯಾರು ಕೆಲಸಕ್ಕಿಟ್ಟುಕೊಂಡರು ಎಂದು ಅಜ್ಜಿಯ ಮೈ ಉರಿದುಹೋಯಿತು. ಮಗುವಿನ ಮಾತು ಅರ್ಥವಾಗದವರನ್ನು ಕಂಡರೆ ಅವಳಿಗೆ ಮೊದಲಿನಿಂದಲೂ ಆಗದು. ಅಂಗಡಿಗೆ ಬಂದ ಗಿರಾಕಿ ಯಾರಾದರೂ "ಏನಂತೆ ಇವಳು?" ಎಂದು ಮುಖ ಕಿವುಚಿದರೆ, ಅಜ್ಜಿ ಹುಡುಗಿಯ ಮಾತನ್ನು ಕೂಡಲೇ ತಾನು ಹೇಳಿ, ಗಿರಾಕಿ ಅತ್ತ ಹೋದದ್ದೇ ತಡ, "ಅವರಿಗೆ ಕಿವಿ ಮಂದ ಕಣೆ, ತಲೆ ಕೆಡಿಸ್ಕೋಬೇಡ" ಎಂದು ಹುಡುಗಿಗೆ ಸಮಾಧಾನ ಹೇಳುತ್ತಿದ್ದಳು. ಹೀಗಾಗಿ ಊರು ತುಂಬ ಕಿವಿ ಮಂದದವರೇ ಇದ್ದಾರೆ ಎಂದು ಪಿಟೀಲು ನಂಬಿಕೊಂಡಿದ್ದಳು. ಸ್ಕೂಲಿನಲ್ಲಿ ಮಾತ್ರ ತೊಂದರೆ ಇರಲಿಲ್ಲ. ಪಕ್ಕದ ಮನೆಯ ಹುಡುಗಿ ಒಂದೇ ಬೆಂಚಿನಲ್ಲಿ ಕೂತು, ಇವಳು ಹೇಳಿದ್ದನ್ನೆಲ್ಲ ಟೀಚರಿಗೆ ದಾಟಿಸುತ್ತಿದ್ದಳು. ಈ ವರ್ಷ ಆ ಹುಡುಗಿಯ ಮನೆಯವರು ಬೇರೆ ಊರಿಗೆ ಹೋದರು. ತಿಂಗಳೊಳಗೆ ಸ್ಕೂಲಿನಿಂದ ದೂರು ಬಂತು: ಹುಡುಗಿ ಮೊಂಡು, ಏನು ಕೇಳಿದರೂ ಬಾಯಿ ಬಿಡುವುದಿಲ್ಲ. ಆ ದೂರು ಕೇಳಿ ಹೌಹಾರಿದ ಸೊಸೆಯ ಒತ್ತಾಯಕ್ಕೇ ಅಜ್ಜಿ ಈ ಟೀಚರಮ್ಮನ ಕೋಣೆಗೆ ಬಂದಿದ್ದು. ಸೊಸೆ ಔಷಧಿ ಕಾರ್ಖಾನೆಯಲ್ಲಿ ಪ್ಯಾಕಿಂಗಿಗೆ ಹೋಗುತ್ತಾಳೆ, ಮಗ ಲಾರಿ ಹತ್ತಿದರೆ ವಾರಗಟ್ಟಲೆ ಪತ್ತೆಯಿಲ್ಲ. ಮಗುವಿನ ಜೊತೆ ಇರುವವಳು ಅಜ್ಜಿಯೇ.

ವಾಚ್‌ಮನ್ ಹೋದ ಮೇಲೆ ಟೀಚರಮ್ಮ ಅಜ್ಜಿಯನ್ನು ಒಳಗೆ ಕರೆದು, ಹುಡುಗಿಯ ಮೂಗಿನ ಕೆಳಗೆ ಪುಟ್ಟ ಕನ್ನಡಿ ಹಿಡಿದಳು. "ಪಾಪ ಅನ್ನು" ಎಂದಳು. ಹುಡುಗಿ ಅಂದಳು. ಕನ್ನಡಿಗೆ ಮಂಜು ಕವಿಯಿತು. ಟೀಚರಮ್ಮ ಅದೇ ಕನ್ನಡಿಯನ್ನು ಒರೆಸಿ ತನ್ನ ಮೂಗಿನ ಕೆಳಗೆ ಹಿಡಿದು ತಾನೂ "ಪಾಪ" ಎಂದಳು. ಕನ್ನಡಿ ನಿಚ್ಚಳವಾಗಿಯೇ ಇತ್ತು. ಆಮೇಲೆ ಹುಡುಗಿಯನ್ನು ಆಟದ ಸಾಮಾನಿನ ಮೂಲೆಗೆ ಕಳಿಸಿ, ಫೋನು ತೆಗೆದಳು.

"ಅಜ್ಜಿ, ಇದನ್ನೊಂದು ಕೇಳಿ. ಬೇರೆ ಮಗು ಇದು. ಏನು ಹೇಳ್ತಿದೆ ಹೇಳಿ."

ಅಜ್ಜಿ ಕಿವಿಗೊಟ್ಟಳು. "ಅಂಮಂ ಉಂಣಿ, ಅಂಮಾ ಇಂಣ..." ಎಂದು ಏನೋ ಗುನುಗು. ಮೂಗಿನಲ್ಲೇ ಹುಟ್ಟಿ ಮೂಗಿನಲ್ಲೇ ಮುಗಿದುಹೋಗುವ ಸದ್ದು. ನಡುನಡುವೆ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಒಂದು ತಡೆ. ಅಜ್ಜಿ ಇನ್ನೊಮ್ಮೆ ಹಾಕಿಸಿ ಕೇಳಿದಳು. ಒಂದಕ್ಷರವೂ ಹತ್ತಲಿಲ್ಲ.

"ಅಯ್ಯೋ ಪಾಪ. ಈ ಮಗುಗೆ ಮಾತೇ ಬರಲ್ವಾ?"

"ಅವನ ಅಜ್ಜಿಗೆ ಅವನ ಮಾತು ಒಂದೂ ಬಿಡದೆ ಅರ್ಥ ಆಗುತ್ತೆ" ಎಂದಳು ಟೀಚರಮ್ಮ. ಈಗ ನಗುತ್ತಿರಲಿಲ್ಲ. "ನಿಮ್ಮ ಮೊಮ್ಮಗಳ ಮಾತೂ ನಮಗೆಲ್ಲ ಹೀಗೇ ಕೇಳೋದು ಅಜ್ಜಿ."

ಅಜ್ಜಿಗೆ ಕಪಾಳಕ್ಕೆ ಬಾರಿಸಿದಂತಾಯಿತು. ಸುಳ್ಳು ಎಂದು ಕೂಗಬೇಕೆನಿಸಿತು.

ಟೀಚರಮ್ಮ ಬಿಡಿಸಿ ಹೇಳಿದಳು. ಮಾತಾಡುವಾಗ ಅಂಗುಳದ ಹಿಂಭಾಗ ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚಬೇಕು. ಪಿಟೀಲಿನ ಅಂಗುಳದಲ್ಲಿ ತೂತೇನೂ ಇಲ್ಲ, ಹೊಲಿಗೆ ಚೆನ್ನಾಗಿ ಕೂಡಿದೆ, ಆದರೆ ಅದು ಗಿಡ್ಡ, ಹಿಂದಿನ ಗೋಡೆಯನ್ನು ಮುಟ್ಟುವುದಿಲ್ಲ ಎಂದು ತನಗೆ ಅನುಮಾನ. ಕ, ಪ, ತ ಅನ್ನಲು ಬಾಯಲ್ಲಿ ಗಾಳಿ ಕಟ್ಟಬೇಕು, ಇವಳ ಗಾಳಿಯೆಲ್ಲ ಮೂಗಿಗೆ ಓಡಿಹೋಗುತ್ತದೆ. ಇನ್ನೊಂದು ಆಪರೇಷನ್ ಆಗಬೇಕು, ಆಮೇಲೆ ಕೂತು ಒಂದೊಂದೇ ಅಕ್ಷರ ಕಲಿಯಬೇಕು. ಬರೀ ಅಭ್ಯಾಸದಿಂದ ಅಂಗುಳ ಉದ್ದವಾಗುವುದಿಲ್ಲ.

"ಮತ್ತೆ ಎರಡು ವರ್ಷದ ಹಿಂದೆ ಯಾಕೆ ಹೇಳಲಿಲ್ಲ?" ಅಜ್ಜಿಯ ಸಿಟ್ಟಿಗೆ ಈಗ ಒಂದು ಗುರಿ ಸಿಕ್ಕಿತ್ತು. "ಅವತ್ತೂ ಬಂದಿದ್ವಲ್ಲ. ದೊಡ್ಡ ಡಾಕ್ಟ್ರು ಬಾಯಿಗೆ ಬ್ಯಾಟರಿ ಬಿಟ್ಟು ನೋಡಿ, ಫಸ್ಟ್ ಕ್ಲಾಸ್ ಆಗಿದೆ, ಇನ್ನು ಬರೋದೇ ಬೇಡ ಅಂದ್ರಲ್ಲ. ಅವಾಗ ಅವರ ಕಣ್ಣಿಗೆ ಏನಾಗಿತ್ತು?"

"ಡಾಕ್ಟ್ರು ಮಗೂನ ಮಾತಾಡಿಸಿದ್ರಾ ಅವತ್ತು?"

"ಮಾತಾಡಿಸದೆ ಇರ್ತಾರಾ? ಮನೇಲಿ ಯಾರ್ಯಾರಿದೀರಿ, ಏನು ತಿಂದೆ, ಎಲ್ಲಾ ಕೇಳಿದ್ರು. ಇವಳೂ ಪಟಪಟ ಅಂತ ಹೇಳಿದ್ಲು."

"ಇವಳು ಹೇಳಿದಾಗ ನೀವೇನು ಮಾಡ್ತಿದ್ರಿ ಅಜ್ಜಿ?"

ಅಜ್ಜಿಗೆ ತಾನೇನು ಮಾಡುತ್ತಿದ್ದೆನೆಂದು ಬೇರೆಯವರು ಹೇಳಬೇಕಾಗಿರಲಿಲ್ಲ. ಹುಡುಗಿಯ ಬಾಯಿಂದ ಮಾತು ಬೀಳುವುದೇ ತಡ, ಅದನ್ನು ಹೆಕ್ಕಿ ಡಾಕ್ಟರ ಕೈಗೆ ಕೊಟ್ಟಿದ್ದಳು. ಯಾವತ್ತೂ ಮಾಡುವ ಹಾಗೆಯೇ. ಡಾಕ್ಟರು ಕೇಳಿಸಿಕೊಂಡದ್ದು ಅಜ್ಜಿಯ ಮಾತು. ಇದು ಇಂಥ ಮಾತು ಎಂದು ಮೊದಲೇ ಗೊತ್ತಾಗಿಬಿಟ್ಟ ಕಿವಿಗೆ ಆಮೇಲೆ ಅದೇ ಕೇಳುತ್ತದೆ. ಎಷ್ಟು ಸ್ಪಷ್ಟವಾಗಿ ಮಾತಾಡುತ್ತಾಳೆ ಎಂದು ಅವರು ಹುಡುಗಿಯ ಕೆನ್ನೆ ತಟ್ಟಿದ್ದರು, ಅಜ್ಜಿ ಅದನ್ನು ಬೀದಿಗೆಲ್ಲ ಸಾರಿಕೊಂಡು ಬಂದಿದ್ದಳು.

ಸಂಜೆ ಸೊಸೆ ಕೆಲಸದಿಂದ ಬಂದವಳು ವಿಷಯ ಕೇಳಿ ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತಳು. ಅತ್ತೆಯ ಎದುರು ದನಿ ಎತ್ತಿ ಗೊತ್ತಿಲ್ಲದ ಹೆಣ್ಣು ಅದು.

"ಎರಡು ವರ್ಷ ಹೋಯ್ತಲ್ಲ ಅತ್ತೆ" ಎಂದಳು. "ಸ್ಕೂಲಲ್ಲಿ ಮೊಂಡು ಅನ್ನಿಸ್ಕೊಂಡ್ಲಲ್ಲ ನನ್ನ ಮಗಳು."

"ಎಲ್ಲಾ ನನ್ನ ತಲೆಗೇ ಕಟ್ಟು. ತಾಯಿ ನೀನಿರ್ಲಿಲ್ವಾ? ನಿನ್ನ ಕಿವಿಗೆ ಏನಾಗಿತ್ತು?"

"ನನಗೆ ಅವಳ ಮಾತು ಅರ್ಧಕ್ಕರ್ಧ ಅರ್ಥಾನೇ ಆಗಲ್ಲ." ಸೊಸೆ ಸಿಟ್ಟಿನಿಂದಲೇ ಹೇಳಿದಳು. "ಯಾವತ್ತೂ ಆಗಿಲ್ಲ. ಅವಳು ಏನಾದ್ರೂ ಅಂದ್ರೆ ನಾನು ನಿಮ್ಮ ಮುಖ ನೋಡ್ತಿದ್ದೆ. ನೀವು ಹೇಳ್ತಿದ್ರಿ. ನನಗೂ ಗೊತ್ತಾಯ್ತು ಅನ್ನೋ ಹಾಗೆ ತಲೆ ಆಡಿಸ್ತಿದ್ದೆ. ಹೆತ್ತವಳಿಗೇ ಮಗಳ ಮಾತು ತಿಳಿಯಲ್ಲ ಅಂತ ಯಾರ ಹತ್ರ ಹೇಳ್ಕೊಳ್ಳಲಿ? ನಿಮ್ಮ ಹತ್ರಾನಾ? ಇಷ್ಟೂ ತಿಳಿಯಲ್ವಾ ಅಂತ ಬೈತಿದ್ರಿ."

ಬೈಯುತ್ತಿದ್ದೆ, ನಿಜ, ಎಂದು ಅಜ್ಜಿಗೆ ಅನಿಸಿತು. ಅನಿಸಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಆ ರಾತ್ರಿ ಅಡುಗೆಮನೆಯ ಪಾತ್ರೆಗಳು ಅನುಭವಿಸಿದ್ದನ್ನು ಹೇಳಿ ಸುಖವಿಲ್ಲ.

ಎರಡು ದಿನ ಬಿಟ್ಟು ಟೀಚರಮ್ಮ ಫೋನು ಮಾಡಿದಳು. ದೊಡ್ಡ ಡಾಕ್ಟರು ಒಪ್ಪುತ್ತಿಲ್ಲ. ಅಂಗುಳ ತಾನೇ ಹೊಲಿದದ್ದು, ಮಾತು ತಾನೇ ಕಿವಿಯಾರೆ ಕೇಳಿದ್ದು, ನೀವು ಅಭ್ಯಾಸ ಮಾಡಿಸುವುದನ್ನು ಬಿಟ್ಟು ಮಗುವಿಗೆ ಮತ್ತೆ ಕತ್ತರಿ ಹಾಕು ಎನ್ನುತ್ತೀರಲ್ಲ ಎಂದು ಅವಳನ್ನೇ ದಬಾಯಿಸಿದರಂತೆ. ಕೊನೆಗೆ, ಬೇಕಾದರೆ ಕರೆತನ್ನಿ, ಇನ್ನೊಮ್ಮೆ ಕೇಳುತ್ತೇನೆ ಎಂದಿದ್ದಾರೆ. ಮುಂದಿನ ತಿಂಗಳು ಅವರು ರಜೆಯ ಮೇಲೆ ಹೋಗುತ್ತಾರೆ, ಬರುವುದು ಯಾವಾಗಲೋ. ಇರುವುದು ಇದೊಂದೇ ಅವಕಾಶ. ಅಜ್ಜಿ ಬರದಿದ್ದರೇ ಒಳ್ಳೆಯದು ಎಂದಳು ಟೀಚರಮ್ಮ. ಆದರೆ ಬಿಳಿ ಕೋಟು ಕಂಡರೆ ಪಿಟೀಲು ಅಜ್ಜಿಯ ಕೈ ಹಿಡಿಯದೆ ತುಟಿ ಬಿಚ್ಚುವವಳಲ್ಲ. ಹಾಗಾದರೆ ಅಜ್ಜಿ ಬರಲಿ, ಕೂತಿರಲಿ, ಏನೇ ಆಗಲಿ, ಒಂದು ಮಾತನ್ನೂ ದಾಟಿಸದಿರಲಿ. ಡಾಕ್ಟರ ಕಿವಿಗೆ ಹುಡುಗಿಯ ಮಾತೇ ಬೀಳಬೇಕು.

"ನೀವೇ ಅವಳಿಗೆ ತಿಳಿಸಿ ಹೇಳಿ ಅತ್ತೆ" ಎಂದಳು ಸೊಸೆ. "ನಿನ್ನ ಮಾತು ಬೇರೆಯವರಿಗೆ ಅರ್ಥ ಆಗ್ತಿಲ್ಲ, ಅದಕ್ಕೇ ಹೋಗ್ತಿರೋದು ಅಂತ. ನಾನು ಹೇಳಿದ್ರೆ ನಂಬಲ್ಲ."

ಅಜ್ಜಿ ಹೂಂ ಎಂದಳು. ಹೇಳಲಿಲ್ಲ. ಅಂಗಡಿಯಲ್ಲಿ ಹುಡುಗಿ ಎದುರು ಕೂತು ಗುಂಡಿಗಳನ್ನು ಬಣ್ಣ ಬಣ್ಣವಾಗಿ ವಿಂಗಡಿಸುತ್ತ ಬಾಯಿ ತುಂಬ ಮಾತಾಡುವಾಗ, ನಿನ್ನ ಮಾತು ಮಾತೇ ಅಲ್ಲ ಮಗಳೇ ಎಂದು ಹೇಗೆ ಹೇಳುವುದು? ಕೊನೆಗೆ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಇಷ್ಟು ಹೇಳಿದಳು: "ಇವತ್ತು ಡಾಕ್ಟ್ರ ಹತ್ರ ನೀನೇ ಮಾತಾಡ್ಬೇಕು. ನಾನು ಸುಮ್ಮನಿರ್ತೀನಿ."

"ನಾನೇ ಹೇಳ್ತೀನಿ ಬಿಡು" ಎಂದಳು ಪಿಟೀಲು. "ನನಗೇನು ಮಾತು ಬರಲ್ವಾ?"

ದೊಡ್ಡ ಡಾಕ್ಟರ ಕೋಣೆಯಲ್ಲಿ ಟೀಚರಮ್ಮ ಗೋಡೆಗೆ ಒರಗಿ ನಿಂತಿದ್ದಳು. ಸೊಸೆ ಬಾಗಿಲ ಪಕ್ಕ. ಡಾಕ್ಟರು ಅದೇ ಹಳೆಯ ಅಕ್ಕರೆಯಿಂದ "ಬಾಮ್ಮ, ಎಷ್ಟು ಎತ್ತರ ಆಗಿದೀಯಾ" ಎಂದು ಹುಡುಗಿಯನ್ನು ಎದುರಿನ ಸ್ಟೂಲಿನ ಮೇಲೆ ಕೂರಿಸಿಕೊಂಡರು. ಅಜ್ಜಿ ಅವಳ ಕೈ ಹಿಡಿದು ಪಕ್ಕದಲ್ಲಿ ಕೂತಳು.

"ಸ್ಕೂಲಿಗೆ ಹೋಗ್ತೀಯಾ? ಯಾರು ನಿನ್ನ ಫ್ರೆಂಡು?"

"ಯಾರೂ ಇಲ್ಲ" ಎಂದಳು ಪಿಟೀಲು. "ಇದ್ದವಳು ಊರು ಬಿಟ್ಟು ಹೋದ್ಲು. ಈಗ ಬುತ್ತಿ ತಿನ್ನೋವಾಗ ಒಬ್ಬಳೇ ಕೂತ್ಕೋತೀನಿ. ನಾನು ಕೈ ಎತ್ತಿದ್ರೂ ಟೀಚರು ಬೇರೆಯವರನ್ನೇ ಕೇಳ್ತಾರೆ. ಅದಕ್ಕೆ ಕೈ ಎತ್ತೋದೂ ಬಿಟ್ಟೆ."

ಅಜ್ಜಿಗೆ ಇದು ಗೊತ್ತಿರಲಿಲ್ಲ. ಮನೆಯಲ್ಲಿ ಬಾಯಿ ಮುಚ್ಚದ ಹುಡುಗಿ ಇದನ್ನು ಯಾವತ್ತೂ ಹೇಳಿರಲಿಲ್ಲ.

"ವೆರಿ ಗುಡ್" ಎಂದರು ಡಾಕ್ಟರು ನಗುತ್ತ. "ತುಂಬಾ ಜನ ಫ್ರೆಂಡ್ಸ್ ಇದಾರೆ ಅನ್ನು."

ಅಜ್ಜಿಗೆ ಎದ್ದು ನಿಂತು, ಒಬ್ಬಳೇ ಕೂತು ಉಣ್ಣುತ್ತಾಳಂತೆ ಕಣಯ್ಯಾ, ಕೈ ಎತ್ತಿದರೆ ಕೇಳುವವರಿಲ್ಲವಂತೆ, ವೆರಿ ಗುಡ್ ಎನ್ನುತ್ತೀಯಲ್ಲ ಎಂದು ಆ ಮೇಜನ್ನೇ ಬುಡಮೇಲು ಮಾಡಬೇಕೆನಿಸಿತು. ತುಟಿ ಕಚ್ಚಿ ಕೂತಳು. ಬಾಯಿಬಿಟ್ಟರೆ ಇನ್ನಷ್ಟು ವರ್ಷ ಹುಡುಗಿ ಹೀಗೇ ಒಬ್ಬಳೇ ಕೂತು ಉಣ್ಣಬೇಕು.

ಹುಡುಗಿಯ ಮುಖ ಗಂಟಾಯಿತು. "ಇಲ್ಲ, ಯಾರೂ ಇಲ್ಲ ಅಂದೆ" ಎಂದಳು. ಡಾಕ್ಟರು ಮತ್ತೆ ತಲೆ ಆಡಿಸಿದರು, ಆದರೆ ಈ ಸಲ ನಗು ಅರ್ಧಕ್ಕೇ ನಿಂತಿತ್ತು. ಅಭ್ಯಾಸಬಲದಿಂದ ಅವರ ಕಣ್ಣು ಅಜ್ಜಿಯ ಕಡೆ ಹೊರಳಿತು. "ಏನಂತೆ ಅಜ್ಜಿ?"

"ನನಗೆ ಗೊತ್ತಾಗಲಿಲ್ಲ."

ಪಿಟೀಲು ಕಿಸಕ್ಕನೆ ನಕ್ಕಳು. ಅಜ್ಜಿ ಆಟ ಆಡುತ್ತಿದ್ದಾಳೆ ಎಂದುಕೊಂಡಳು. "ಹೇಳಜ್ಜಿ, ಇವರಿಗೂ ಕಿವಿ ಮಂದ" ಎಂದಳು.

"ನನಗೆ ತಿಳೀತಿಲ್ಲ ಕಣೆ, ನೀನು ಹೇಳ್ತಿರೋದು."

ಹುಡುಗಿ ಅಜ್ಜಿಯ ಮುಖವನ್ನೇ ನೋಡಿದಳು. ಇನ್ನೊಮ್ಮೆ ಹೇಳಿದಳು, ಒಂದೊಂದೇ ಮಾತು ಬಿಡಿಸಿ, ಮಂದಬುದ್ಧಿಯವರಿಗೆ ಹೇಳುವ ಹಾಗೆ. ಮತ್ತೆ ಜೋರಾಗಿ ಹೇಳಿದಳು. ಜೋರು ಮಾಡಿದಷ್ಟೂ ಗಾಳಿ ಮೂಗಿನಲ್ಲೇ ನುಗ್ಗಿತು, ಮೂಗಿನ ಹೊಳ್ಳೆಗಳು ಅದುರಿದವು. ಅಜ್ಜಿ ಬೇಕೆಂದೇ ಕಿಟಕಿಯ ಕಡೆ ನೋಡುತ್ತಿದ್ದಳು. ಹುಡುಗಿ ಅವಳ ಗದ್ದ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು. ಅಜ್ಜಿ ತಲೆ ಅಲ್ಲಾಡಿಸಿದಳು. ಆಗ ಪಿಟೀಲು ಹಿಡಿದಿದ್ದ ಕೈಯನ್ನು ಕೊಡವಿ ಬಿಡಿಸಿಕೊಂಡಳು.

ಡಾಕ್ಟರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಟೀಚರಮ್ಮನ ಕೈಯಿಂದ ಕನ್ನಡಿ ಈಸಿಕೊಂಡರು, ಕ ಅನ್ನಿಸಿದರು, ಪ ಅನ್ನಿಸಿದರು, ಬ್ಯಾಟರಿ ಬಿಟ್ಟು ಗಂಟಲು ನೋಡಿದರು.

"ಗಿಡ್ಡ ಇದೆ" ಎಂದರು ಕೊನೆಗೆ. "ಮೂಗಿನಿಂದ ಸಣ್ಣ ಕ್ಯಾಮೆರಾ ಬಿಟ್ಟು ನೋಡೋಣ. ಅದರಲ್ಲೂ ಹೀಗೇ ಕಂಡ್ರೆ ಆಪರೇಷನ್ ಮಾಡಲೇಬೇಕು. ನಾನು ರಜೆಗೆ ಹೋಗೋ ಮೊದಲೇ ಮಾಡ್ತೀನಿ." ಆಮೇಲೆ ಅಜ್ಜಿಯ ಕಡೆ ತಿರುಗಿ, "ಇದನ್ನ ಮೊದಲೇ ಹೇಳೋದಲ್ವಾ ನೀವು?" ಎಂದರು.

ಅಷ್ಟೇ ಸಾಕಾಯಿತು.

"ಅವತ್ತು ನೀವು ಯಾರ ಮಾತು ಕೇಳಿಸ್ಕೊಂಡ್ರಿ ಡಾಕ್ಟ್ರೇ?" ಅಜ್ಜಿ ಎದ್ದು ನಿಂತಿದ್ದಳು. "ನಾನು ಮಧ್ಯೆ ಬಾಯಿ ಹಾಕಿದೆ, ನಂದು ತಪ್ಪು. ನಾನು ಓದದವಳು, ಗುಂಡಿ ಮಾರೋಳು, ನನಗೆ ಈ ಮಗು ಬಿಟ್ರೆ ಬೇರೆ ಲೋಕ ಇಲ್ಲ. ನೀವು ಇಂಥ ಮಕ್ಕಳನ್ನ ದಿನಾ ನೋಡೋರು. ಸ್ವಲ್ಪ ಬಾಯಿ ಮುಚ್ಚು ಮುದುಕಿ, ಮಗು ಮಾತಾಡಲಿ ಅಂತ ಹೇಳೋಕೆ ನಿಮಗೆ ಬಾಯಿರಲಿಲ್ವಾ? ಮಾತು ಕಲಿಸೋ ಈ ಹುಡುಗಿ ಬಂದು ಹೇಳಬೇಕಾಯ್ತಾ?"

ಡಾಕ್ಟರು ಕನ್ನಡಿಯನ್ನು ಮೇಜಿನ ಮೇಲಿಟ್ಟರು. "ಹೇಳಬೇಕಿತ್ತು" ಎಂದರು.

ಬೈದು ಮುಗಿದರೂ ಅಜ್ಜಿಯ ಎದೆ ಹಗುರಾಗಲಿಲ್ಲ. ಪಿಟೀಲು ಸ್ಟೂಲಿನಿಂದ ಇಳಿದು ಅಮ್ಮನ ಪಕ್ಕಕ್ಕೆ ಹೋಗಿ ನಿಂತಿದ್ದಳು. ಅಳುತ್ತಿರಲಿಲ್ಲ. ಅಜ್ಜಿಯನ್ನು ನೋಡುತ್ತ ಒಂದೇ ಒಂದು ಮಾತು ಹೇಳಿದಳು.

"ನೀನು ಸುಳ್ಳಿ. ಇನ್ಮೇಲೆ ನಿನಗೆ ಏನೂ ಹೇಳಲ್ಲ."

ಸೊಸೆ ಎಂದಿನಂತೆ ಅತ್ತೆಯ ಮುಖ ನೋಡಿದಳು. ಟೀಚರಮ್ಮನೂ ನೋಡಿದಳು.

"ಏನಂದ್ಲು?" ಎಂದು ಡಾಕ್ಟರು ಕೇಳಿದರು.

ಈಗ ಹೇಳಬಹುದಾಗಿತ್ತು. ಆಗಬೇಕಾದದ್ದು ಆಗಿತ್ತು, ಇನ್ನು ಸುಳ್ಳಾಡಿ ಗೆಲ್ಲುವುದೇನೂ ಉಳಿದಿರಲಿಲ್ಲ. ಮಾತು ಅಜ್ಜಿಯ ನಾಲಗೆಯ ತುದಿಗೆ ಬಂದು ನಿಂತಿತ್ತು.

"ಅವಳನ್ನೇ ಕೇಳಿ" ಎಂದಳು.

ಡಾಕ್ಟರು ಕುರ್ಚಿಯಿಂದಿಳಿದು ಹುಡುಗಿಯ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತರು. ಇನ್ನೊಮ್ಮೆ ಹೇಳಮ್ಮ, ನನಗೆ ತಿಳಿಯಲಿಲ್ಲ ಎಂದರು. ಪಿಟೀಲು ಹೇಳಿದಳು. ಅವರಿಗೆ ಹತ್ತಲಿಲ್ಲ, ಮತ್ತೆ ಕೇಳಿದರು. ಹುಡುಗಿ ಬೇಸರಿಸದೆ, ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ, ಅವರಿಗೆ ಅರ್ಥವಾಗುವ ತನಕ ಹೇಳಿದಳು. ಅಷ್ಟೂ ಸಲ ಅಜ್ಜಿ ಅದನ್ನು ನಿಂತು ಕೇಳಿಸಿಕೊಂಡಳು.